ಷರಾ

ಬೆಳಗಿನ ಜಾವ ನಾಲ್ಕು ಹತ್ತಕ್ಕೆ ವರದಿ ತಾನಾಗಿ ಏಳುತ್ತದೆ.
ನಾನೂ ಏಳುತ್ತೇನೆ, ಏಳಬೇಕಿಲ್ಲದಿದ್ದರೂ.
ಶ್ರೀನಗರದ ನಮ್ಮ ಓಣಿಗೆ ನಲ್ಲಿ ನೀರು ಬರುವುದೂ ಆಗಲೇ.
ಎದುರು ಮನೆಯ ನೀಲಿ ಡ್ರಮ್ಮಿನ ತಳಕ್ಕೆ
ಮೊದಲ ಧಾರೆ ಬಿದ್ದ ಸದ್ದಿಗೂ
ನನ್ನ ಫೋನಿಗೆ ಬರುವ ‘ಮುಗಿಯಿತು, ತಪ್ಪಿಲ್ಲ’ಕ್ಕೂ
ಒಂದೆರಡು ನಿಮಿಷದ ಅಂತರ.

ತಪ್ಪಿಲ್ಲ ಅಂದರೆ ಓಟ ನಡುವೆ ನಿಲ್ಲಲಿಲ್ಲ ಅಂತ, ಅಷ್ಟೇ.
ಲೆಕ್ಕ ಸರಿ ಅಂತಲ್ಲ.
ಇದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು.

ನೀರಿನ ಬಿಲ್ಲಿನ ಕಚೇರಿ, ರಾಜಾಜಿನಗರ, ಮೂರನೆಯ ಮಹಡಿ.
ಕಿಟಕಿ ತೆರೆದರೆ ಮೆಟ್ರೊ ಕಂಬ,
ಮುಚ್ಚಿದರೆ ಹಳೇ ಲೆಡ್ಜರುಗಳ ವಾಸನೆ.
ಸೇರಿದ ವಾರವೇ ನಾನು ಕಟ್ಟಿದ ಮೊದಲ ನಿಯಮ:
ಮೂರು ತಿಂಗಳು ಸತತ ಸೊನ್ನೆ ಬಂದರೆ ಕೆಂಪು ಚುಕ್ಕೆ.
ಕೆಂಪು ಎಂದರೆ ಮೀಟರು ನಿಂತಿದೆ,
ಇಲ್ಲಾ ಯಾರೋ ನಿಲ್ಲಿಸಿದ್ದಾರೆ.
ಹೇಮಲತಾ ಮೇಡಂ ಗೋಡೆಯ ದೊಡ್ಡ ಪರದೆ ನೋಡಿ
‘ಈಗ ಊರು ಕೈಯಲ್ಲಿದೆ’ ಎಂದರು.
ಊರು ಎಂದರೆ ನಕ್ಷೆ,
ಸೀತಾಳೆ ಸಿಡುಬೆದ್ದ ಬೆನ್ನಿನ ಹಾಗೆ.

ಪಿಳ್ಳಪ್ಪನವರು ಮೀಟರ್ ಓದುವವರು. ಒಂದು ಮಧ್ಯಾಹ್ನ
ಹೆಲ್ಮೆಟ್ಟು ಮಡಿಲಿನಲ್ಲಿಟ್ಟುಕೊಂಡು ನನ್ನ ಪಕ್ಕ ಕೂತರು.
ಪರದೆಗೆ ಬೆರಳೊತ್ತಿದರು, ಬೆವರಿನ ಗುರುತು ಉಳಿಯಿತು.
‘ಈ ಮನೇಲಿ ಸೊನ್ನೆ ಅಂತ ನಾನು ಬರೆದೇ ಇಲ್ಲ ಕಣಮ್ಮ.
ಖಾಲಿ ಬಿಟ್ಟಿದ್ದೆ.
ಷರಾದಲ್ಲಿ ಬರೆದಿದ್ದೀನಲ್ಲ, ಓದಲ್ವಾ ನೀವು?’

ಓದುವುದಿಲ್ಲ. ಷರಾ ಕಾಲಮ್ಮನ್ನು
ನಾನೇ ಕೈಬಿಟ್ಟಿದ್ದೆ, ಒಂದೇ ಸಾಲಿನಲ್ಲಿ.
ಮಾತಿಗೆ ಮೊತ್ತವಿಲ್ಲ, ಸರಾಸರಿಯಿಲ್ಲ,
ಗ್ರಾಫಿನ ಮೇಲೆ ನಿಲ್ಲುವುದಿಲ್ಲ.
ಖಾಲಿ ಕಂಡಲ್ಲೆಲ್ಲ ಸೊನ್ನೆ ತುಂಬು ಎಂದವಳೂ ನಾನೇ;
ಒಂದು ಖಾಲಿ ಒಳಗೆ ನುಸುಳಿದರೆ
ಕೂಡಿದ್ದೆಲ್ಲ ಮುನಿಸಿಕೊಂಡು ತಾನೂ ಖಾಲಿಯಾಗುತ್ತಿತ್ತು.

ಆ ಸಂಜೆ ಎಲ್ಲರೂ ಹೋದ ಮೇಲೆ ಹಳೆಯ ಕಡತ ತೆರೆದೆ.

ಗೇಟಿಗೆ ಬೀಗ.
ನಾಯಿ.
ನಾಯಿ, ಅದೇ.
ಮೀಟರ್ ಮೇಲೆ ಜಲ್ಲಿ ಲೋಡು ಸುರಿದಿದ್ದಾರೆ.
ಗಾಜಿನೊಳಗೆ ಹಬೆ, ಅಂಕಿ ಕಾಣದು.
ಮಗು ಈಗ ತಾನೆ ಮಲಗಿದೆ, ಸದ್ದು ಬೇಡ ಎಂದರು.
ಮನೆ ಒಡೆದಿದ್ದಾರೆ. ಮೀಟರ್ ಮಾತ್ರ ಇದೆ, ತಿರುಗುತ್ತಿದೆ.
ಸಾವಿನ ಮನೆ. ಕೇಳಲಿಲ್ಲ. ಮುಂದಿನ ತಿಂಗಳು.
ಸಾವಾಗಿದ್ದ ಮನೆ. ಬೀಗ.
ಅದೇ ಮನೆ. ಬೀಗ. ಊರಿಗೆ ಹೋದರೆಂದು ಪಕ್ಕದವರು.
ನಾಯಿ ಸತ್ತಿದೆ. ಓದಿದೆ. ೪೧೨.

ಕೊನೆಯ ಬಸ್ಸು ತಪ್ಪಿತು.

ಸೊನ್ನೆ ಅಂದರೆ ಹೋಗಿ ನೋಡಿದೆ, ಏನೂ ಇರಲಿಲ್ಲ.
ಖಾಲಿ ಅಂದರೆ ನೋಡಲಾಗಲಿಲ್ಲ.
ಎರಡನ್ನೂ ಒಂದೇ ಬಟ್ಟಲಿಗೆ ಸುರಿದು
ಕಳ್ಳರ ಪಟ್ಟಿ ಮಾಡಿದ್ದೆ ನಾನು.
ಆ ಸಾವಿನ ಮನೆಗೂ ನೋಟೀಸು ಹೋಗಿತ್ತು,
ನನ್ನ ನಿಯಮವೇ ಮುದ್ರಿಸಿದ್ದು,
ಸಹಿ ಬೇಡದ್ದು.

ತಿದ್ದಿದೆ. ಕೆಂಪು ಅರ್ಧಕ್ಕಿಳಿಯಿತು,
ಹೊಸದಾಗಿ ಬೂದು ಬಣ್ಣದ ಚುಕ್ಕೆಗಳು ಮೂಡಿದವು.
‘ಹೋದ ತಿಂಗಳ ಅಂಕಿ ಈ ತಿಂಗಳು ಹೇಗ್ರೀ ಬದಲಾಯಿತು?
ಮೇಲಿನವರಿಗೆ ಏನು ಹೇಳಲಿ? ಈ ಬೂದು ಅಂದರೇನು?’
‘ಗೊತ್ತಿಲ್ಲ, ಮೇಡಂ.’
‘ನಿಮಗೇ ಗೊತ್ತಿಲ್ಲವಾ?’
‘ಹಾಗಲ್ಲ. ಬೂದು ಅಂದರೇ ಗೊತ್ತಿಲ್ಲ ಅಂತ.’
ಅವರು ಬಹಳ ಹೊತ್ತು ಗೋಡೆ ನೋಡಿದರು.
‘ಬಣ್ಣ ಸ್ವಲ್ಪ ತಿಳಿ ಮಾಡಿ’ ಎಂದು ಹೊರಟರು.

ಈಗ ಬೂದು ಚುಕ್ಕೆಯ ಮೇಲೆ ಬೆರಳಿಟ್ಟರೆ
ಷರಾ ತೆರೆದುಕೊಳ್ಳುತ್ತದೆ, ಬರೆದದ್ದು ಬರೆದ ಹಾಗೆ.
ಯಾರು ಯಾವುದನ್ನು ತೆರೆದರು ಎಂಬುದಕ್ಕೂ ನನ್ನಲ್ಲೊಂದು ವರದಿಯಿದೆ.
ಈ ತಿಂಗಳು ಇಬ್ಬರು.
ಒಬ್ಬಳು ನಾನು.
ಇನ್ನೊಬ್ಬರು, ರಾತ್ರಿ ಹನ್ನೊಂದರ ಮೇಲೆ, ಫೋನಿನಿಂದ,
ಪಿಳ್ಳಪ್ಪ.

ಇವತ್ತು ನಾಲ್ಕು ಹನ್ನೆರಡು. ಮುಗಿಯಿತು, ತಪ್ಪಿಲ್ಲ.
ಎದುರು ಮನೆಯವರು ಡ್ರಮ್ಮಿನ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಾರೆ.
ನೀರು ಇನ್ನೂ ಬಂದಿಲ್ಲ.